ಕಾಳು ನಡೆದ ದಾರಿ: ನಮ್ಮೂರ ವಾಡೆ ಮತ್ತು ಇಂಗ್ಲೆಂಡಿನ ಮ್ಯಾನರ್

ಕಳೆದ ಬೇಸಿಗೆಯಲ್ಲಿ ನವಲಗುಂದ ತಾಲೂಕಿನ ನಮ್ಮ ಊರಿನ ದೇಸಾಯರ ವಾಡೆಯನ್ನು ಅಳೆದು ನಕಾಶೆ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಹುಬ್ಬಳ್ಳಿಯಲ್ಲಿ ಮನೆಗಳ ನಕಾಶೆ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ, ವಾಡೆಯು ಅಣ್ಣತಮ್ಮಂದಿರಲ್ಲಿ ಪಾಲಾಗುವ ಮುಂಚೆ ಇದ್ದದ್ದನ್ನು ಇದ್ದ ಹಾಗೆ ಒಮ್ಮೆ ಕಾಗದಕ್ಕೆ ಇಳಿಸಿಡಬೇಕೆಂದು ಆ ಮನೆಯ ಹಿರಿಯರು ಹೇಳಿಕಳಿಸಿದ್ದರು. ನನ್ನ ಅಜ್ಜ ಅದೇ ವಾಡೆಯ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದ ಒಕ್ಕಲು. ಸುಗ್ಗಿಯಲ್ಲಿ ಚೀಲ ಹೊತ್ತು ತಂದು ಹಾಕಿ ಹೋಗುತ್ತಿದ್ದ ಅವರು ಅಂಗಳವನ್ನು ಬಿಟ್ಟು ಪಡಸಾಲೆಯ ಮೇಲೆ ಹತ್ತಿದವರಲ್ಲ. ಅದೇ ಪಡಸಾಲೆಯಲ್ಲಿ ಟೇಪು ಹಿಡಿದು ಓಡಾಡುವಾಗ, ಮೆಟ್ಟಿಲುಗಳ ಎತ್ತರವನ್ನು ಬರೆದುಕೊಳ್ಳುವ ನನ್ನ ಕೈ ಕ್ಷಣ ಹೊತ್ತು ನಿಂತೇ ಮುಂದೆ ಸಾಗುತ್ತಿತ್ತು.

ಅಳತೆ ನಾಲ್ಕು ದಿನ ನಡೆಯಿತು. ಅಗಸಿ ಬಾಗಿಲು, ಎರಡು ಮೂಲೆಗಳ ಹುಡೇವು ಎಂಬ ಕಾವಲು ಬುರುಜು, ಅಂಗಳ, ಎತ್ತು ಕಟ್ಟುವ ಹಕ್ಕೆ, ಎಂಟು ಅಂಕಣದ ಪಡಸಾಲೆ, ದೇವರ ಮನೆ, ಹಿತ್ತಲ ಬಾವಿ ಎಲ್ಲವೂ ಒಂದೊಂದಾಗಿ ಹಾಳೆಯ ಮೇಲೆ ಮೂಡಿದವು. ಹಳೆಯ ಕಟ್ಟಡಗಳ ನಕಾಶೆಗಳನ್ನು ಕೂಡಿಹಾಕುವ ಹವ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಆ ರಾತ್ರಿಗಳಲ್ಲಿ ಇಂಗ್ಲೆಂಡಿನ ಮಧ್ಯಯುಗದ ಮ್ಯಾನರ್‌ಗಳ ನಕಾಶೆಗಳನ್ನು ವಾಡೆಯ ಹಾಳೆಯ ಪಕ್ಕದಲ್ಲಿಟ್ಟುಕೊಂಡು ನೋಡುತ್ತ ಕುಳಿತೆ. ಕೋಣೆಗಳ ಹೆಸರು ಹಿಡಿದು ನೋಡಿದರೆ ಎರಡಕ್ಕೂ ಹೋಲಿಕೆ ಅಷ್ಟಕ್ಕಷ್ಟೇ. ಆದರೆ ಕಾಳು ಹೊಲದಿಂದ ಹೊರಟು ಯಾವ ಬಾಗಿಲಿನಿಂದ ಒಳಗೆ ಬಂತು, ಎಲ್ಲಿ ಇಳಿಯಿತು, ಎಲ್ಲಿ ಹಿಟ್ಟಾಯಿತು, ಕೊನೆಗೆ ಯಾರ ತಾಟಿಗೆ ಹೋಯಿತು ಎಂಬ ದಾರಿಯನ್ನು ಹಿಡಿದು ಹೊರಟರೆ ಎರಡೂ ಕಡೆಯ ಗೋಡೆಗಳು ಮಾತನಾಡತೊಡಗುತ್ತವೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾನರ್ ಎಂದರೆ ಬರಿಯ ದೊಡ್ಡ ಮನೆಯಲ್ಲ. ಒಬ್ಬ ಒಡೆಯನ ಕೈಕೆಳಗಿನ ಭೂಮಿ, ಆ ಭೂಮಿಯ ಮೇಲಿನ ಒಕ್ಕಲು, ಹುಲ್ಲುಗಾವಲು, ಕಾಡು, ಹಿಟ್ಟಿನ ಗಿರಣಿ, ನ್ಯಾಯ ಹೇಳುವ ಸಭೆ, ಇವೆಲ್ಲ ಸೇರಿದ ವ್ಯವಸ್ಥೆಗೆ ಆ ಹೆಸರು. ಕೆಲವು ಕಡೆ ಇಡೀ ಊರೇ ಒಂದು ಮ್ಯಾನರ್. ಕೆಲವು ಕಡೆ ಒಂದೇ ಊರು ಎರಡು ಮೂರು ಮ್ಯಾನರ್‌ಗಳಿಗೆ ಹಂಚಿಹೋಗಿರುತ್ತಿತ್ತು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮಂಡಿಯ ವಿಲಿಯಂ, ಇಪ್ಪತ್ತು ವರ್ಷಗಳ ನಂತರ, 1086ರಲ್ಲಿ, ಯಾವ ಮ್ಯಾನರ್ ಯಾರ ಕೈಯಲ್ಲಿದೆ, ಅಲ್ಲಿ ಎಷ್ಟು ನೇಗಿಲು, ಎಷ್ಟು ಒಕ್ಕಲು, ಎಷ್ಟು ಗಿರಣಿಗಳಿವೆ ಎಂಬುದನ್ನು ಊರೂರಿಗೆ ಜನ ಕಳಿಸಿ ಬರೆಸಿದ. ಆ ದಫ್ತರವೇ ಡೂಮ್ಸ್‌ಡೇ ಬುಕ್. ಅದರಲ್ಲಿ ಒಂದು ನೇಗಿಲು ಎಂದರೆ ಎಂಟು ಎತ್ತು ಹೂಡಿದ ನೇಗಿಲು ಎಂಬ ಲೆಕ್ಕ. ಇದನ್ನು ಓದಿದಾಗ, ಎರೆ ಹೊಲದಲ್ಲಿ ಬೇರುಬಿಟ್ಟ ಕರಿಕೆಯನ್ನು ಕೀಳಲು ನಾಲ್ಕು ಜೋಡಿ ಹೂಡಿ ದೊಡ್ಡ ನೇಗಿಲು ಹೊಡೆಯುತ್ತಿದ್ದ ದಿನಗಳನ್ನು ಅಜ್ಜ ಬಣ್ಣಿಸುತ್ತಿದ್ದದ್ದು ನೆನಪಾಯಿತು. ಎಂಟೆತ್ತಿನ ನೇಗಿಲನ್ನು ಹೊಲದ ಕೊನೆಯಲ್ಲಿ ತಿರುಗಿಸುವ ಕಷ್ಟ ಹೊಡೆದವರಿಗೇ ಗೊತ್ತು. ಇಂಗ್ಲೆಂಡಿನ ಆ ಕಾಲದ ಹೊಲಗಳು ಉದ್ದುದ್ದ ಪಟ್ಟಿಗಳಾಗಿ ಇದ್ದದ್ದಕ್ಕೆ ಕೊಡುವ ಮುಖ್ಯ ಕಾರಣವೂ ಅದೇ: ಒಮ್ಮೆ ಹೂಡಿದರೆ ಆದಷ್ಟು ದೂರ ತಿರುಗದೆ ಸಾಗಬೇಕು.

ಒಂದು ಸಾಲು ಹೊಡೆಯುವ ಉದ್ದ 220 ಗಜ. ಅದರ ಹೆಸರೇ ಫರ್ಲಾಂಗು, ಅಂದರೆ ಸಾಲಿನ ಉದ್ದ. ಆ ಉದ್ದಕ್ಕೆ 22 ಗಜ ಅಗಲ ಸೇರಿದರೆ ಒಂದು ಎಕರೆ, ಒಂದು ದಿನದ ಉಳುಮೆ. ನಮ್ಮ ಜಮೀನಿನ ಉತಾರಗಳಲ್ಲಿ (ಪಹಣಿಗಳಲ್ಲಿ) ಇಂದಿಗೂ ಬರೆಯುವ ಎಕರೆ ಇದೇ. ಅದನ್ನು ನಲವತ್ತು ಪಾಲು ಮಾಡಿ, 33 ಅಡಿ ಉದ್ದ 33 ಅಡಿ ಅಗಲದ ತುಂಡನ್ನು ನಾವು ಗುಂಟೆ ಎನ್ನುತ್ತೇವೆ. ಅಜ್ಜ ಮಾತ್ರ ಕೊನೆಯವರೆಗೂ ಎಕರೆ ಎಂದವರಲ್ಲ, ಕೂರಿಗೆ ಎನ್ನುತ್ತಿದ್ದರು. ನಮ್ಮ ಕಡೆ ಒಂದು ಕೂರಿಗೆ ಎಂದರೆ ಸುಮಾರು ನಾಲ್ಕು ಎಕರೆ. ಇಂಗ್ಲೆಂಡಿನವರು ಉಳುವ ದಿನದಿಂದ ನೆಲವನ್ನು ಅಳೆದರು, ನಾವು ಬಿತ್ತುವ ಕೂರಿಗೆಯಿಂದ ಅಳೆದೆವು. ಎರಡೂ ಅಳತೆಗಳು ಹುಟ್ಟಿದ್ದು ದುಡಿಮೆಯಿಂದ.

ಆ ಪಟ್ಟಿಗಳಲ್ಲಿ ಒಂದು ಭಾಗ ಒಡೆಯನ ಖಾಸಾ ಭೂಮಿ, ಉಳಿದದ್ದು ಒಕ್ಕಲುಗಳದ್ದು. ಆದರೆ ಬಂಧಿತ ಒಕ್ಕಲು, ಅಂದರೆ ಒಡೆಯನಿಗೆ ಕಟ್ಟುಬಿದ್ದವನು, ತನ್ನ ಪಟ್ಟಿಗೆ ಬದಲಾಗಿ ವಾರದಲ್ಲಿ ಎರಡು ಮೂರು ದಿನ ಒಡೆಯನ ಹೊಲದಲ್ಲಿ ದುಡಿಯಬೇಕಿತ್ತು. ಸುಗ್ಗಿ ಬಂದರೆ ಅದರ ಮೇಲೆ ಇನ್ನಷ್ಟು ದಿನ. ಮಳೆ ನೋಡಿ ಕೊಯ್ಲು ಮಾಡುವ ಆ ನಾಡಿನಲ್ಲಿ ಹದವಾದ ಒಂದು ದಿನವನ್ನು ಕಳೆದುಕೊಳ್ಳುವುದೆಂದರೆ ಏನೆಂದು ಒಕ್ಕಲುತನ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಡೆಯನ ಪೈರು ಒಣಗಿದ ದಿನವೇ ತನ್ನ ಪೈರೂ ಒಣಗಿರುತ್ತದೆ. ಮೊದಲು ಅಲ್ಲಿಗೆ ಹೋಗಬೇಕು. ಇದರ ಮೇಲೆ ಬೆಳೆದದ್ದರ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲುತ್ತಿತ್ತು.

ಕೊಯ್ದ ತೆನೆ ಎಲ್ಲಿಗೆ ಹೋಯಿತು ಎಂಬಲ್ಲಿ ನಮ್ಮ ದಾರಿಯೂ ಅವರ ದಾರಿಯೂ ಬೇರೆಯಾಗುತ್ತವೆ. ನಮ್ಮಲ್ಲಿ ಹಿಂಗಾರಿ ಜೋಳ ಕೊಯ್ಲಿಗೆ ಬರುವುದು ಮಳೆ ಇಲ್ಲದ ದಿನಗಳಲ್ಲಿ. ಊರ ಹೊರಗೆ ನೆಲ ಕೆತ್ತಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟರೆ ಕಣ ಸಿದ್ಧ; ಅದಕ್ಕೆ ಚಾವಣಿ ಆಕಾಶವೇ. ಇಂಗ್ಲೆಂಡಿನಲ್ಲಿ ಕೊಯ್ಲು ಮುಗಿಯುವಷ್ಟರಲ್ಲಿ ಮೋಡ ಕವಿಯುತ್ತದೆ, ಹಿಂದೆಯೇ ಚಳಿಗಾಲ. ಆದ್ದರಿಂದ ತೆನೆಯ ಸಮೇತ ಸಿವುಡುಗಳನ್ನು ದೊಡ್ಡ ಕೊಟ್ಟಿಗೆಯೊಳಗೆ ಒಟ್ಟಿ, ಚಳಿಗಾಲವಿಡೀ ಸ್ವಲ್ಪಸ್ವಲ್ಪವಾಗಿ ಇಳಿಸಿ, ಕೋಲುಗಳಿಂದ ಬಡಿದು ಕಾಳು ಬಿಡಿಸುತ್ತಿದ್ದರು. ಕಣ ಕಟ್ಟಡದ ಒಳಗೇ ಇತ್ತು. ಕೊಟ್ಟಿಗೆಯ ಎರಡು ಉದ್ದ ಗೋಡೆಗಳಲ್ಲಿ ಎದುರುಬದುರಾಗಿ ಬಂಡಿ ಹಿಡಿಸುವಷ್ಟು ಎತ್ತರದ ಬಾಗಿಲುಗಳು. ತುಂಬಿದ ಬಂಡಿ ಒಂದರಿಂದ ಬಂದು ಇನ್ನೊಂದರಿಂದ ಹೊರಬೀಳುತ್ತಿತ್ತು, ತೂರುವಾಗ ಎರಡನ್ನೂ ತೆರೆದರೆ ನಡುವಿನ ಕಣದ ಮೇಲೆ ಗಾಳಿ ಹಾಯುತ್ತಿತ್ತು. ನಕಾಶೆಯಲ್ಲಿ ಆ ಎರಡು ಬಾಗಿಲುಗಳನ್ನು ನೋಡಿದಾಗ, ಗಾಳಿಗಾಗಿ ಬಾಗಿಲನ್ನು ಇಟ್ಟವರ ತಿಳಿವಳಿಕೆಗೆ ತಲೆಬಾಗಿದೆ.

ಅಂಥ ಕೊಟ್ಟಿಗೆಗಳಲ್ಲಿ ಗ್ರೇಟ್ ಕಾಕ್ಸ್‌ವೆಲ್ ಎಂಬ ಹಳ್ಳಿಯದ್ದು ನನಗೆ ಬಲು ಮೆಚ್ಚಿಗೆಯದು. ಬ್ಯೂಲಿ ಎಂಬ ಮಠದವರು 1290ರ ದಶಕದಲ್ಲಿ ಕಟ್ಟಿಸಿದ್ದು. ಉದ್ದ ಸುಮಾರು 150 ಅಡಿ, ಅಗಲ 44 ಅಡಿ, ನೆತ್ತಿಯ ಎತ್ತರ ಸುಮಾರು 48 ಅಡಿ. ಹೊರಗೆ ಕಲ್ಲಿನ ಗೋಡೆ, ಮೇಲೆ ಕಲ್ಲಿನ ತೆಳು ಹಲಗೆಗಳ ಹೊದಿಕೆ. ಒಳಗೆ ಮಾತ್ರ ಇಡೀ ಭಾರವನ್ನು ಓಕ್ ಮರದ ಕಂಬಗಳು ಹೊತ್ತಿವೆ. ಆ ಕಂಬಗಳನ್ನು ನೆಲಕ್ಕೆ ಊರಿಲ್ಲ. ಆಳೆತ್ತರದ ಕಲ್ಲಿನ ಪೀಠಗಳ ಮೇಲೆ ನಿಲ್ಲಿಸಿದ್ದಾರೆ. ನೆಲದ ತೇವ ಮರಕ್ಕೆ ಏರಬಾರದು. ನಮ್ಮ ವಾಡೆಯ ಪಡಸಾಲೆಯಲ್ಲಿ ಸಾಗವಾನಿಯ ಕಂಬಗಳು ಕೂತಿರುವುದೂ ಹೀಗೆಯೇ, ಕಲ್ಲಿನ ಪೀಠದ ಮೇಲೆ. ನಮ್ಮ ಬಡಿಗೇರರ ಶತ್ರು ತೇವದ ಜೊತೆಗೆ ಗೆದ್ದಲು. ಒಂದು ಕಂಬದ ಬುಡದಲ್ಲಿ ನಾನು ಬೆರಳು ಆಡಿಸಿ ನೋಡಿದೆ: ಕಲ್ಲಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ, ಇನ್ನೂರು ವರ್ಷದ ಎಣ್ಣೆಗೈಗಳು ತಾಗಿ ಎರಡೂ ಒಂದೇ ಬಣ್ಣಕ್ಕೆ ತಿರುಗಿವೆ.

ಅವರು ಕಾಳನ್ನು ನೆಲದ ಮೇಲೆ, ಎತ್ತರದಲ್ಲಿ ಕಾಪಾಡಿದರು. ನಾವು ನೆಲದೊಳಗೆ ಇಟ್ಟೆವು. ವಾಡೆಯ ಅಂಗಳದಲ್ಲಿ ಮೂರು ಹಗೇವುಗಳಿವೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಗಡಿಗೆಯಂತೆ ಅಗಲ. ಸುತ್ತ ಒಣ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಗಾಳಿ ಆಡದ ಆ ಗುಂಡಿಯಲ್ಲಿ ಹುಳು ಬದುಕುವುದಿಲ್ಲ. ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ದಂಡು ಬಂದಾಗ ಸುಡಲಿಕ್ಕೆ ಕಣಜ ಕಣ್ಣಿಗೆ ಬೀಳುವುದಿಲ್ಲ ಎಂಬುದೂ ಒಂದು ಅನುಕೂಲ. ಮಳೆ ಕಡಿಮೆ ಇರುವ, ಬರ ಆಗಾಗ ಬಂದುಹೋಗುವ ನಾಡಿಗೆ ಇದಕ್ಕಿಂತ ಹೊಂದುವ ಉಗ್ರಾಣವಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಹಿಟ್ಟಿನ ಮಾತು. ಮ್ಯಾನರ್‌ನ ಎಲ್ಲ ಕಟ್ಟಡಗಳ ಪೈಕಿ ಒಕ್ಕಲು ಅತಿ ಹೆಚ್ಚು ನೊಂದುಕೊಂಡದ್ದು ಗಿರಣಿಯ ವಿಷಯದಲ್ಲಿ. ಹಳ್ಳದ ನೀರಿನಿಂದ ತಿರುಗುವ ಆ ಗಿರಣಿ ಒಡೆಯನದು. ಬಂಧಿತ ಒಕ್ಕಲು ತನ್ನ ಕಾಳನ್ನು ಅಲ್ಲಿಯೇ ಬೀಸಿಸಬೇಕು, ಬೀಸಿದ್ದರಲ್ಲಿ ಒಂದು ಪಾಲನ್ನು ಅಲ್ಲಿಯೇ ಬಿಟ್ಟುಬರಬೇಕು ಎಂಬುದು ಕಟ್ಟಳೆ. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಂಡರೆ ತಪ್ಪು. ಡೂಮ್ಸ್‌ಡೇ ಬುಕ್ಕಿನಲ್ಲಿ ಲೆಕ್ಕಕ್ಕೆ ಸಿಗುವ ಗಿರಣಿಗಳು ಸುಮಾರು 6,000. ಅಂದರೆ ಅಷ್ಟು ಕಡೆ ಕಾಳಿನ ದಾರಿ ಒಡೆಯನ ಬಾಗಿಲ ಮುಂದೆಯೇ ಹಾಯಬೇಕಾಗಿತ್ತು.

ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಎಂಬ ಊರಿಗೆ ಅಲ್ಲಿಯ ಮಠವೇ ಒಡೆಯ. ಹದಿನಾಲ್ಕನೆಯ ಶತಮಾನದ ಮೊದಲರ್ಧದಲ್ಲಿ ಆ ಮಠಕ್ಕೆ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಎಂಬಾತ ಗುರುವಾದ. ಕಮ್ಮಾರನೊಬ್ಬನ ಮಗ, ಗಣಿತದಲ್ಲಿ, ಖಗೋಳದಲ್ಲಿ ಬಲು ದೊಡ್ಡ ವಿದ್ವಾಂಸ, ಸೂರ್ಯ ಚಂದ್ರರ ಗತಿಯನ್ನು ತೋರಿಸುವ ಗಡಿಯಾರವನ್ನು ಕಲ್ಪಿಸಿದವನು. ಅವನೇ ಊರ ಜನರ ಮನೆಗಳಿಂದ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿ, ಮಠದ ಪಡಸಾಲೆಯ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ. ಮಠಕ್ಕೆ ಬಂದವರು ತಮ್ಮ ತಾಯಂದಿರು ಬೀಸಿದ ಕಲ್ಲುಗಳ ಮೇಲೆಯೇ ಕಾಲಿಟ್ಟು ನಡೆಯಬೇಕು. ಸುಮಾರು ಐವತ್ತು ವರ್ಷ ಆ ಕಲ್ಲುಗಳು ಹಾಗೆ ತುಳಿಸಿಕೊಂಡು ಬಿದ್ದಿದ್ದವು. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಸೇಂಟ್ ಆಲ್ಬನ್ಸಿನ ಜನ ಮಠದೊಳಗೆ ನುಗ್ಗಿದರು. ನೆಲವನ್ನು ಅಗೆದು ಕಲ್ಲುಗಳನ್ನು ಮೇಲೆತ್ತಿದರು. ಅವನ್ನು ಒಡೆದು, ಚರ್ಚಿನಲ್ಲಿ ಪ್ರಸಾದದ ರೊಟ್ಟಿಯನ್ನು ಹಂಚುವ ಹಾಗೆ, ಚೂರು ಚೂರಾಗಿ ಹಂಚಿಕೊಂಡು ಮನೆಗೆ ಒಯ್ದರು.

ಇದನ್ನು ಓದಿದ ರಾತ್ರಿ ನನಗೆ ನಕಾಶೆಯ ಕೆಲಸ ಸಾಗಲಿಲ್ಲ. ನಮ್ಮ ಮನೆಯ ಬೀಸುವ ಕಲ್ಲು ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೆ ಕೂತದ್ದು. ನಸುಕಿನಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಮತ್ತು ಅವ್ವ ಎದುರುಬದುರು ಕೂತು ಗೂಟ ಹಿಡಿದು ತಿರುಗಿಸುತ್ತಿದ್ದರು. ಆಯಿ ಬಲಗೈಯಿಂದ ಕಲ್ಲು ಎಳೆಯುತ್ತ, ಎಡಗೈಯಿಂದ ಒಂದೊಂದೇ ಹಿಡಿ ಜೋಳವನ್ನು ಅದರ ಬಾಯಿಗೆ ಹಾಕುತ್ತ, ಹಾಡನ್ನು ಮಾತ್ರ ಎಲ್ಲಿಯೂ ತುಂಡರಿಸುತ್ತಿರಲಿಲ್ಲ. ಕಲ್ಲಿನ ಸುತ್ತ ಹಿಟ್ಟು ಬಿಳಿಯ ಬಳೆಯ ಹಾಗೆ ಕೂಡಿಕೊಳ್ಳುತ್ತಿತ್ತು. ವಾಡೆಯವರು ಲಾವಣಿ ಕೇಳಿದರು, ಹಬ್ಬಕ್ಕೆ ಹಾಲು ಮೊಸರು ಕೇಳಿದರು, ಮದುವೆಯ ಕಾಲಕ್ಕೆ ಬಂಡಿ ಎತ್ತು ಕೇಳಿದರು. ಬೀಸುವ ಕಲ್ಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಾಳಿನ ದಾರಿಯ ಕೊನೆಯ ಮಜಲು ನಮ್ಮ ಹೆಣ್ಣುಮಕ್ಕಳ ಕೈಯಲ್ಲಿಯೇ ಉಳಿಯಿತು. ಆ ದುಡಿಮೆ ಹಗುರವಾಗಿತ್ತೆಂದು ನಾನು ಹೇಳಲಾರೆ, ಆಯಿಯ ಭುಜದ ನೋವು ಅವರ ಕೊನೆಯ ದಿನದವರೆಗೂ ಇತ್ತು. ಆದರೂ ಕಲ್ಲು ಅವರದಾಗಿತ್ತು.

ಒಡೆಯನಿಗೆ ಕಾಳು ಹೋಗಲು ಇನ್ನೊಂದು ದಾರಿ ಆಕಾಶದಲ್ಲಿತ್ತು. ಪಾರಿವಾಳದ ಗೂಡು ಕಟ್ಟಿಸುವ ಹಕ್ಕು ಒಡೆಯರಿಗೆ ಮೀಸಲು. ಹೆರೆಫರ್ಡ್‌ಶೈರ್‌ನ ಗಾರ್ವೆ ಎಂಬಲ್ಲಿ 1326ರಲ್ಲಿ ಕಟ್ಟಿದ ಗುಂಡನೆಯ ಕಲ್ಲಿನ ಗೂಡು ಇಂದಿಗೂ ನಿಂತಿದೆ, ಅದರೊಳಗೆ 666 ಪೊಟರೆಗಳಿವೆ. ಹಕ್ಕಿಗಳು ಮೇಯುವುದು ಎಲ್ಲರ ಹೊಲದಲ್ಲಿ. ಮಾಂಸ ಮತ್ತು ಗೊಬ್ಬರ ಒಡೆಯನಿಗೆ.

ಮ್ಯಾನರ್‌ನ ಒಡೆಯನ ಮನೆಯ ನಡುಭಾಗ ಹಾಲ್ ಎಂಬ ಎತ್ತರದ ದೊಡ್ಡ ಕೋಣೆ. ಕೆಂಟ್ ಪ್ರಾಂತ್ಯದ ಪೆನ್ಸ್‌ಹರ್ಸ್ಟ್‌ನಲ್ಲಿ 1341ರ ಹೊತ್ತಿಗೆ ಲಂಡನ್ನಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಹಾಲ್‌ನಲ್ಲಿ, ನೆಲದ ನಟ್ಟನಡುವೆ ಎಂಟು ಮೂಲೆಯ ಬೆಂಕಿಗೂಡು ಇನ್ನೂ ಇದೆ. ಹೊಗೆ ಚಾವಣಿಯ ಕಿಂಡಿಯಿಂದ ಹೊರಹೋಗುತ್ತಿತ್ತು. ಒಂದು ತುದಿಗೆ ಒಂದು ಮೆಟ್ಟಿಲಿನಷ್ಟು ಎತ್ತರದ ಕಟ್ಟೆ, ಅದರ ಮೇಲೆ ಒಡೆಯನ ಪಂಕ್ತಿ. ಇನ್ನೊಂದು ತುದಿಗೆ ರೊಟ್ಟಿಯ ಕೋಣೆಯ ಬಾಗಿಲು, ಪೀಪಾಯಿಗಳ ಕೋಣೆಯ ಬಾಗಿಲು. ಬೆಂಕಿಯ ಭಯದಿಂದ ಅಡುಗೆಮನೆಯನ್ನು ಹೆಚ್ಚಾಗಿ ದೂರ ಇಡುತ್ತಿದ್ದರು. ಹೀಗಾಗಿ ರೊಟ್ಟಿ ಕೆಳಗಿನ ತುದಿಯಿಂದ ಹೊರಟು, ಆಳುಕಾಳುಗಳ ಸಾಲನ್ನು ದಾಟಿ, ಬೆಂಕಿಯ ಪಕ್ಕದಲ್ಲಿ ಹಾದು ಮೇಲಿನ ಕಟ್ಟೆಗೆ ಹೋಗುತ್ತಿತ್ತು. ನಮ್ಮ ಪಡಸಾಲೆಗೆ ಅಂಗಳದಿಂದ ಮೂರು ಮೆಟ್ಟಿಲು. ಮೊದಲನೆಯದು ಏಳು ಇಂಚು, ಎರಡನೆಯದು ಏಳು, ಮೂರನೆಯದು ಒಂಬತ್ತು. ಮೂರನೆಯದು ಯಾಕೆ ಎತ್ತರ ಎಂದು ಕೇಳಿದಾಗ ಆ ಮನೆಯ ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, "ಅಲ್ಲಿ ನಿಂತ ಮಾತಾಡಿದ್ರ ಕೆಳಗಿದ್ದವ್ರು ತಲಿ ಎತ್ತೇ ನೋಡಬೇಕಲ್ಲಪಾ" ಎಂದರು. ಅವರ ದನಿಯಲ್ಲಿ ಹೆಮ್ಮೆ ಇರಲಿಲ್ಲ.

ಉಣ್ಣೆಯ ವ್ಯಾಪಾರಿ ಲಾರೆನ್ಸ್ ಆಫ್ ಲಡ್ಲೋ ಕಟ್ಟಿಸಿದ ಸ್ಟೋಕ್ಸೇಯ ಮನೆಗೆ 1291ರಲ್ಲಿ ಕೋಟೆಗೋಡೆಯ ಮೇಲಿನ ಹಲ್ಲಿನಂಥ ತೆನೆಗಳನ್ನು ಕಟ್ಟಲು ರಾಜನ ಅಪ್ಪಣೆ ಸಿಕ್ಕಿತು. ಅಲ್ಲಿಯ ಒಡೆಯನ ಖಾಸಗಿ ಕೋಣೆ ಮೇಲಂತಸ್ತಿನಲ್ಲಿದೆ, ಅದರ ಗೋಡೆಯಲ್ಲಿ ಕೆಳಗಿನ ಹಾಲ್ ಕಾಣುವಂತೆ ಸಣ್ಣ ಕಿಂಡಿಗಳಿವೆ. ನಮ್ಮ ವಾಡೆಯ ಮಾಳಿಗೆಯಲ್ಲಿಯೂ ಅಂಗಳಕ್ಕೆ ತೆರೆದ ಒಂದು ಕಿಂಡಿ ಇದೆ. ಅಲ್ಲಿ ಬಗ್ಗಿ ನೋಡಿದೆ: ಹಗೇವುಗಳ ಮೂರೂ ಬಾಯಿಗಳು ಒಂದೇ ನೋಟಕ್ಕೆ ಸಿಕ್ಕವು. ಚೀಲ ಎಣಿಸುವವರನ್ನು ಎಣಿಸಲು ಇಟ್ಟ ಕಿಂಡಿ ಅದು ಎಂದು ನನಗನ್ನಿಸಿತು.

ಎಣಿಕೆಯ ಕೆಲಸ ಎರಡೂ ಕಡೆ ಭಾರಿಯೇ. ಮ್ಯಾನರ್‌ನಲ್ಲಿ ಒಕ್ಕಲುಗಳ ಪೈಕಿಯೇ ಒಬ್ಬನನ್ನು ರೀವ್ ಎಂದು ಆರಿಸುತ್ತಿದ್ದರು. ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬಕ್ಕೆ ವರ್ಷದ ಲೆಕ್ಕ ಮುಗಿಯುತ್ತಿತ್ತು. ಎಷ್ಟೋ ಒಕ್ಕಲುಗಳಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಕೋಲಿನ ಮೇಲೆ ಗೀರು ಹಾಕಿ, ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನೊಂದು ತೆಗೆದುಕೊಂಡವನೊಂದು ಇಟ್ಟುಕೊಳ್ಳುವ ಪದ್ಧತಿ ಇತ್ತು. ನಮ್ಮಲ್ಲಿ ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವ ಕುಲಕರ್ಣಿ. ನನ್ನ ಮನಸ್ಸು ಸೀಳಿದ ಕೋಲಿನ ಕಡೆಗೇ ವಾಲುತ್ತದೆ. ಅದರ ಅರ್ಧ ಒಕ್ಕಲಿನ ಕೈಯಲ್ಲಿಯೂ ಇರುತ್ತಿತ್ತು.

ಇಷ್ಟು ಹೋಲಿಸಿದ ಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ದೇಸಾಯರು ಮ್ಯಾನರ್‌ನ ಒಡೆಯರಲ್ಲ. ಅವರ ಮೂಲ ಕಂದಾಯ ವಸೂಲಿಯ ವತನ, ಅಂದರೆ ವಂಶಪಾರಂಪರ್ಯವಾಗಿ ಬಂದ ಹಕ್ಕು. ವಿಜಾಪುರದ ಆದಿಲಶಾಹಿ ಹೋಗಿ ಮರಾಠರು ಬಂದರೂ, ಪೇಶ್ವೆಗಳು ಹೋಗಿ ಇಂಗ್ಲಿಷರು ಬಂದರೂ ಎಷ್ಟೋ ಮನೆತನಗಳ ವತನ ಉಳಿಯಿತು. ಇಂಗ್ಲೆಂಡಿನ ಬಂಧಿತ ಒಕ್ಕಲು ಮಗಳ ಮದುವೆಗೆ ಒಡೆಯನಿಗೆ ಹಣ ಕಟ್ಟಬೇಕಿತ್ತು. ಅವನು ಸತ್ತರೆ ಮನೆಯ ಅತ್ಯುತ್ತಮ ದನವನ್ನು ಒಡೆಯ ಹೊಡೆದುಕೊಂಡು ಹೋಗುತ್ತಿದ್ದ. ಅಂಥ ಕಟ್ಟಳೆಗಳನ್ನು ಅಜ್ಜನ ಬಾಯಿಂದ ನಾನು ಕೇಳಿಲ್ಲ. ಕೇಳಿದ್ದು ಸಾಲ, ಬಡ್ಡಿ ಮತ್ತು ಲಾವಣಿಯ ಮಾತು.

ಮ್ಯಾನರ್‌ನ ಆ ವ್ಯವಸ್ಥೆ ಸಡಿಲಗೊಂಡದ್ದು 1348ರ ಪ್ಲೇಗಿನಿಂದ. ಜನಸಂಖ್ಯೆಯ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಸತ್ತುಹೋಗಿ, ಉಳಿದವರ ಕೂಲಿಗೆ ಬೆಲೆ ಬಂತು; ಕೂಲಿ ಏರಬಾರದೆಂದು 1351ರಲ್ಲಿ ಕಾನೂನು ಮಾಡಿದರೂ ಅದು ನಿಲ್ಲಲಿಲ್ಲ. 1381ರ ದಂಗೆಕೋರರು ಎಷ್ಟೋ ಕಡೆ ಸುಟ್ಟದ್ದು ಮ್ಯಾನರ್‌ನ ದಫ್ತರಗಳನ್ನು. ದುಡಿಮೆಯ ಜಾಗದಲ್ಲಿ ನಿಧಾನವಾಗಿ ಹಣದ ಗೇಣಿ ಬಂತು. ಮ್ಯಾನರ್‌ನ ದಫ್ತರದ ನಕಲಿನ ಆಧಾರದ ಮೇಲೆ ಜಮೀನು ಹಿಡಿಯುವ ಪದ್ಧತಿಯ ಕೊನೆಯ ಎಳೆ ಕಳಚಿದ್ದು 1926ರ ಜನವರಿ 1ರಂದು.

ನಮ್ಮ ಕಡೆ ದೇಸಗತಿಯ ವತನಗಳನ್ನು 1950ರ ಮುಂಬಯಿ ರಾಜ್ಯದ ಕಾಯಿದೆ ತೆಗೆದುಹಾಕಿತು. ಒಕ್ಕಲಿನ ಬಾಳು ನಿಜವಾಗಿ ತಿರುಗಿದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ. ಉಳುವ ಹೊಲವನ್ನು ತನ್ನ ಹೆಸರಿಗೆ ಕೇಳುವ ಅರ್ಜಿಯಾದ ಫಾರ್ಮ್ ನಂಬರ್ 7ನ್ನು ಅಜ್ಜ ತುಂಬಿದರು. ಹೆಬ್ಬೆಟ್ಟು ಒತ್ತುವ ಮುಂಚೆ ವಾಡೆಯ ಮುಂದೆ ಹೋಗಿ ನಿಂತು ಬಂದರಂತೆ, ಒಳಗೆ ಹೋಗಲಿಲ್ಲವಂತೆ. ಒಂದು ಕೂರಿಗೆ ಹೊಲ ಅವರ ಹೆಸರಿಗೆ ಬಂತು. ಮುಂದಿನ ಸುಗ್ಗಿಯಲ್ಲಿ ಚೀಲಗಳು ಕಣದಿಂದ ನೇರವಾಗಿ ನಮ್ಮ ಮನೆಗೆ ಬಂದಾಗ, ಎಲ್ಲಿ ಇಡಬೇಕೆಂದು ತಿಳಿಯದೆ ಆಯಿ ದೇವರ ಮುಂದೆ ಇರಿಸಿದ್ದರೆಂದು ಅವ್ವ ಹೇಳುತ್ತಾರೆ.

ಅಳತೆಯ ಕೊನೆಯ ದಿನ ಉಳಿದದ್ದು ಹಗೇವುಗಳ ಆಳ. ಅಂಗಳದ ನಡುವಿನ ಹಗೇವಿನ ಚಪ್ಪಡಿಯನ್ನು ನಾಲ್ಕು ಜನ ಹಾರೆ ಹಾಕಿ ಸರಿಸಿದರು. ನಾನು ಮೊಬೈಲಿನ ಟಾರ್ಚು ಹಚ್ಚಿ ಬಗ್ಗುವಷ್ಟರಲ್ಲಿ, ವಾಡೆಯಲ್ಲಿ ದುಡಿದು ಮುಪ್ಪಾದ ಹಿರಿಯರೊಬ್ಬರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. "ತಮ್ಮಾ, ಮೊದ್ಲ ಕಂದೀಲ ಇಳಸಬೇಕು. ಬೆಂಕಿ ಉಳದ್ರ ಮನಷ್ಯಾನೂ ಉಳಿತಾನ" ಎಂದರು. ಮುಚ್ಚಿದ ಹಗೇವಿನ ತಳದಲ್ಲಿ ಕೂಡಿಕೊಳ್ಳುವ ಕೆಟ್ಟ ಗಾಳಿ ಎಷ್ಟೋ ಜನರ ಜೀವ ತೆಗೆದದ್ದನ್ನು ಬಲ್ಲವರು ಅವರು. ಕಂದೀಲು ತಂದು ಹಗ್ಗಕ್ಕೆ ಕಟ್ಟಿ ಇಳಿಸಿದೆವು. ಆರು ಅಡಿಯವರೆಗೆ ದೀಪ ಉರಿಯಿತು, ಎಂಟಕ್ಕೆ ಕುಗ್ಗಿತು, ಒಂಬತ್ತಕ್ಕೆ ನಂದಿತು. ಬಾಯಿ ತೆರೆದಿಟ್ಟು ಮರುದಿನ ಬೆಳಿಗ್ಗೆ ಮತ್ತೆ ಇಳಿಸಿದಾಗ ತಳದಲ್ಲಿಯೂ ಉರಿಯುತ್ತಿತ್ತು. ಆದರೂ ನಾನು ಇಳಿಯಲಿಲ್ಲ. ಟೇಪಿನ ತುದಿಗೆ ಕಲ್ಲು ಕಟ್ಟಿ ಬಿಟ್ಟೆ. ಹನ್ನೊಂದು ಅಡಿ ನಾಲ್ಕು ಇಂಚು. ಮೇಲೆ ಎಳೆದುಕೊಂಡಾಗ ಕಲ್ಲಿಗೆ ಒಂದು ಹುಲ್ಲಿನ ಎಳೆ, ಅದಕ್ಕೆ ಅಂಟಿದ ಕಪ್ಪಾದ ಮೂರು ಜೋಳದ ಕಾಳು ಬಂದಿದ್ದವು. ಆ ಹಿರಿಯರು ಅವನ್ನು ಅಂಗೈಯಲ್ಲಿಟ್ಟು ಮೂಸಿ ನೋಡಿ, ಯಾವ ವರ್ಷದ ಸುಗ್ಗಿಯದೋ ಎಂದು ಲೆಕ್ಕ ಹಾಕುತ್ತ ಕಟ್ಟೆಯ ಮೇಲೆ ಕೂತರು.